ಬಂಡೆರಾಯನ ಗಂಗಾಳ

ನಂದೀಶನಿಗೆ ಓದುಗರ ಮೇಲೆ ಸಿಟ್ಟಿತ್ತು. ಅವನ ಹೆಂಡತಿ ನೇತ್ರಾ ಬರೆದು ಬಿಡಿಸುವ ಚಿತ್ರಕಥೆಗಳನ್ನು ಲಕ್ಷ್ಮೇಶ್ವರದಿಂದ ಗದಗಿನವರೆಗೆ ಮಕ್ಕಳೂ ದೊಡ್ಡವರೂ ಓದುತ್ತಿದ್ದರು; ಆದರೆ ಒಳಾರ್ಥ ಏನೆಂದು ಒಬ್ಬರೂ ಕೇಳುತ್ತಿರಲಿಲ್ಲ. ಚಂದ ಐತಿ ಅನ್ನುತ್ತಿದ್ದರು, ಮುಂದಿನ ಪುಸ್ತಕ ಯಾವಾಗ ಅನ್ನುತ್ತಿದ್ದರು, ಹೋಗಿಬಿಡುತ್ತಿದ್ದರು. ಊರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವ, ಶಾಸನದ ಕಲ್ಲಿನಲ್ಲಿ ಅಳಿಸಿಹೋದ ಅಕ್ಷರವನ್ನೂ ಓದಬಲ್ಲವನೆಂದು ಹೆಸರಾದ (ಹೆಸರು ಮಾಡಿದವನು ಅವನೇ) ನಂದೀಶನಿಗೆ ಇದು ಸಹಿಸುವ ಮಾತಾಗಿರಲಿಲ್ಲ.

‘ಹೆಬ್ಬಂಡೆ ನಾಡು’ ಎಂಬ ಆ ಕಥೆ ಗದಗಿನ ಮುದ್ರಣಾಲಯವೊಂದರಿಂದ ತೆಳ್ಳನೆಯ ಪುಸ್ತಕಗಳಾಗಿ ಒಂದರ ಹಿಂದೊಂದು ಬರುತ್ತಿತ್ತು. ಅದರಲ್ಲಿ ಮಂತ್ರವಾದಿಗಳಿದ್ದರು, ಗಾಳಿ ನುಂಗುವ ಹಾವಿತ್ತು, ಒಂದಕ್ಕೊಂದು ಚಾಡಿ ಹೇಳುವ ಗುಡ್ಡಗಳಿದ್ದವು. ಎಲ್ಲದರ ನಡುವೆ ಬಂಡೆರಾಯ ಎಂಬ ಕಲ್ಲಿನ ದೈತ್ಯ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದ. ಯುದ್ಧ ಬರಲಿ, ಭೂಮಿ ನಡುಗಲಿ, ಅವನು ಏಳುವವನಲ್ಲ. ಪ್ರತಿ ಪುಸ್ತಕದಲ್ಲೂ ಒಮ್ಮೆ ಬಂಗಾರದ ಗಂಗಾಳದಲ್ಲಿ ಬಡಿಸಿಕೊಂಡು ಉಣ್ಣುತ್ತಿದ್ದ. ಉಂಡು ಆ ಗಂಗಾಳದಲ್ಲೇ ಕೈ ತೊಳೆಯುತ್ತಿದ್ದ. ಆ ನೀರು ಕೆರೆಯಾಗುತ್ತಿತ್ತು. ಕೆರೆಯ ಮೇಲೆ ಒಂದೇ ಒಂದು ಹಸಿರೆಲೆ ತೇಲುತ್ತಿತ್ತು. ಆಗ ಹೆಬ್ಬಾತುಗಳ ಹಿಂಡು ಇಳಿದು ಬಂದು ಗಂಗಾಳದ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದು, ಹನಿ ಚೆಲ್ಲದಂತೆ ಗುಡ್ಡದಾಚೆ ಹೊತ್ತೊಯ್ಯುತ್ತಿತ್ತು. ಎಲ್ಲಕ್ಕಿಂತ ಮುಂದಿನ ಹಕ್ಕಿಗೆ ಮೂಗುತಿ ಇತ್ತು.

ಹೆಬ್ಬಾತು ಎಲ್ಲಿಂದ ಬಂತೆಂದು ಕೇಳಬೇಕಿರಲಿಲ್ಲ. ನೇತ್ರಾಳ ತವರು ಗದಗ ಸೀಮೆಯ ಮಾಗಡಿ. ಚಳಿಗಾಲಕ್ಕೆ ಕೆರೆಗೆ ಬಂದಿಳಿಯುವ ಆ ಹಕ್ಕಿಗಳನ್ನು ನೋಡಿಯೇ ಬೆಳೆದವಳು. ಉಳಿದದ್ದನ್ನೆಲ್ಲ ನಂದೀಶ ಊಟಕ್ಕೆ ಕೂತಾಗ ಬಿಡಿಸಿ ಹೇಳುತ್ತಿದ್ದ. ಸಾರಿನೊಳಗಿನ ಕರಿಬೇವನ್ನು ಹೆಕ್ಕಿ ತಾಟಿನ ಅಂಚಿಗಿಡುತ್ತ, ಬಂಡೆರಾಯ ಅಂದರೆ ಕಾಲ ಅನ್ನುತ್ತಿದ್ದ. ಗಂಗಾಳ ಅಂದರೆ ಬ್ರಹ್ಮಾಂಡ. ಕೈ ತೊಳೆಯುವುದು ಅಂದರೆ ಸಕಲ ಹಂಗನ್ನೂ ತೊರೆಯುವುದು. ತೇಲುವ ಎಲೆ ಪ್ರಳಯದ ನೀರಿನ ಮೇಲಿನ ಆಲದೆಲೆ. ಇಷ್ಟು ಹೇಳುವಷ್ಟರಲ್ಲಿ ಊಟ ಮುಗಿದಿರುತ್ತಿತ್ತು. ತಂಬಿಗೆಯ ನೀರನ್ನು ತಾಟಿಗೇ ಸುರಿದು, ಕೈ ತೊಳೆದು, ಪಡಸಾಲೆಗೆ ಹೋಗಿ, ಉಳಿದ ವ್ಯಾಖ್ಯಾನವನ್ನು ಅಲ್ಲಿಂದ ಸ್ವಲ್ಪ ದನಿ ಏರಿಸಿ ಮುಂದುವರಿಸುತ್ತಿದ್ದ.

ನೇತ್ರಾ ತುಂಬಿದ ತಾಟನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ ಬಚ್ಚಲಿಗೆ ನಡೆಯುತ್ತ, “ಹೌದೇನ್ರಿ?” ಅನ್ನುತ್ತಿದ್ದಳು.

ಕಣ್ಣಿಗೆ ಕಂಡದ್ದನ್ನೇ ಬಿಡಿಸುತ್ತೇನೆ, ಅಷ್ಟೆಲ್ಲ ತನಗೆ ತಿಳಿಯುವುದಿಲ್ಲ ಎಂದು ಅವಳು ಒಮ್ಮೆ ಹೇಳಿದ್ದಳು. ನಂದೀಶ ಮರುಕದಿಂದ ನಕ್ಕಿದ್ದ. ಬರೆದವರಿಗೆ ತಾವು ಬರೆದದ್ದು ತಿಳಿದಿರುವುದಿಲ್ಲ ಎಂಬುದು ಅವನ ಸಿದ್ಧಾಂತ. ಜೋಳ ಹಸನು ಮಾಡುತ್ತ ಕೂತಿದ್ದ ಅವನ ತಾಯಿ ಅಮೃತವ್ವ, ಆ ಹಕ್ಕಿಯ ಮೂಗುತಿ ಥೇಟ್ ನೇತ್ರಾಳದ್ದೇ ಇದ್ದಂತಿದೆ ಎಂದು ಬೆರಳಿಟ್ಟು ತೋರಿಸಿದಾಗಲೂ ಅವನಲ್ಲಿ ಉತ್ತರ ಸಿದ್ಧವಿತ್ತು: ಜಗನ್ಮಾತೆಗೆ ಕಲಾವಿದೆ ತನ್ನ ಒಡವೆಯನ್ನೇ ತೊಡಿಸಿದ್ದಾಳೆ. ಅಮೃತವ್ವ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಜೋಳದೊಳಗಿನ ಹರಳು ಹುಡುಕತೊಡಗಿದಳು.

ಕಥೆಯ ಕೊನೆಯ ಪುಸ್ತಕಕ್ಕೆ ಬಂದಾಗ ನೇತ್ರಾಳ ಕೈ ನಿಂತಿತು. ಎಲ್ಲ ಮುಗಿದು ಒಂದು ಪುಟ ಖಾಲಿ ಉಳಿದಿತ್ತು. ಬಂಡೆರಾಯ ಏಳುತ್ತಾನೋ ಇಲ್ಲವೋ ಎಂಬುದು ಆ ಪುಟದಲ್ಲಿ ತೀರ್ಮಾನವಾಗಬೇಕು. ಮುದ್ರಣಾಲಯದವರು ಫೋನು ಮಾಡುತ್ತಲೇ ಇದ್ದರು. ಏಳಬಾರದು ಎಂದು ನಂದೀಶ ಪಟ್ಟು ಹಿಡಿದಿದ್ದ. ಎದ್ದನೆಂದರೆ ತಾನು ಇಷ್ಟು ದಿನ ಕಟ್ಟಿದ ತತ್ವವೆಲ್ಲ ಅವನ ಜೊತೆಗೇ ಎದ್ದು ಹೋಗುತ್ತದೆ.

ಅದೇ ಹೊತ್ತಿಗೆ ಮುಂಡರಗಿಯ ಓದುಗರ ಬಳಗದ ಹಿರಿಯರಾದ ಚನ್ನಬಸವಣ್ಣನವರು ಗಂಡಹೆಂಡಿರನ್ನು ಕರೆದರು. ನೇತ್ರಾಳಿಗೆ ಸನ್ಮಾನ, ಗೂಢಾರ್ಥಗಳ ಬಗ್ಗೆ ನಂದೀಶನ ಉಪನ್ಯಾಸ.

“ನೀವು ಮಾತಾಡ್ರಿ. ಅದನ್ನ ಕೇಳಿದ ಮ್ಯಾಲೆ ಕಡೀ ಪುಟ ಮುಗಸ್ತೀನಿ,” ಅಂದಳು ನೇತ್ರಾ.

ನಂದೀಶ ಬೀಗಿದ. ಹೆಂಡತಿಯ ಕಥೆಗೆ ಮುಕ್ತಾಯ ತನ್ನ ನಾಲಗೆಯಿಂದ ಬರಲಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂಡರಗಿಯ ಬಸ್ಸು ಹತ್ತಿದ.

ಉಪನ್ಯಾಸ ಚೆನ್ನಾಗಿಯೇ ಆಯಿತು. ಕಾಲ, ಬ್ರಹ್ಮಾಂಡ, ಪ್ರಳಯ ಎಲ್ಲವೂ ಸರಿಯಾದ ಜಾಗದಲ್ಲಿ ಬಂದವು. ಮುಗಿದ ಮೇಲೆ ಚನ್ನಬಸವಣ್ಣನವರು ಮೆಲ್ಲಗೆ ಎದ್ದು ನಿಂತರು.

“ಸರ, ನಮ್ಮ ಹಿರೇರು ಉಂಡ ತಾಟು ತೊಳದು ಆ ನೀರು ಕುಡೀತಿದ್ರು. ಪ್ರಸಾದ ಕೆಡಬಾರದು ಅಂತ. ನಿಮ್ಮ ಬಂಡೆರಾಯ ಕುಡಿಯೂದೂ ಇಲ್ಲ, ಎದ್ದು ತೊಳಿಯೂದೂ ಇಲ್ಲ. ಇದು ಯಾವ ಸೀಮಿ ವೈರಾಗ್ಯರಿ?”

ಎತ್ತುವವರು ಯಾರೋ ಇದ್ದೇ ಇರುತ್ತಾರೆಂಬ ಅಚಲ ನಂಬಿಕೆಯೇ ಅವನ ವೈರಾಗ್ಯ ಎಂದ ನಂದೀಶ. ಹಿಂದೆ ಕೂತ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಭಾವಪರವಶರಾದರು ಎಂದುಕೊಂಡ.

ಊಟ ಅಂಗಳದಲ್ಲಿತ್ತು: ಜೋಳದ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು. ಬಳಗದ ಪದ್ಧತಿಯಂತೆ ಉಂಡವರು ತಮ್ಮ ತಮ್ಮ ತಾಟು ಎತ್ತಿಕೊಂಡು ನಳದ ಕಡೆಗೆ ನಡೆದರು. ಪಕ್ಕದವರಿಗೆ ಆಲದೆಲೆಯ ಮಹತ್ವ ಹೇಳುತ್ತಿದ್ದ ನಂದೀಶ ಇದನ್ನು ಗಮನಿಸಲಿಲ್ಲ. ಮಾತಿನ ಭರದಲ್ಲಿ ಕೈ ತನ್ನ ಪಾಡಿಗೆ ತಾನು ತಂಬಿಗೆ ಎತ್ತಿತು, ತಾಟಿಗೆ ನೀರು ಸುರಿಯಿತು, ತೊಳೆದುಕೊಂಡಿತು.

ತಲೆ ಎತ್ತಿದರೆ ಎದುರಿಗೆ ಸುಶ್ಮಿತಾ ಎಂಬ ಹೈಸ್ಕೂಲು ಹುಡುಗಿ ನಿಂತಿದ್ದಳು. ನೇತ್ರಾಳ ಹಸ್ತಾಕ್ಷರಕ್ಕೆಂದು ತಂದಿದ್ದ ಪುಸ್ತಕ ಕೈಯಲ್ಲಿ ತೆರೆದಿತ್ತು. ಹುಡುಗಿ ಒಮ್ಮೆ ಪುಟ ನೋಡಿದಳು, ಒಮ್ಮೆ ತಾಟು ನೋಡಿದಳು.

“ಸರ, ಎಲೀನೂ ಐತಿ,” ಅಂದಳು.

ನಂದೀಶ ಬಗ್ಗಿ ನೋಡಿದ. ನೀರಿನ ನಟ್ಟ ನಡುವೆ ಕರಿಬೇವಿನ ಎಲೆಯೊಂದು ಮೆಲ್ಲಗೆ ಸುತ್ತುತ್ತಿತ್ತು.

ಉಳಿದ ಮಕ್ಕಳು ಬಂದರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಯಾರೂ ನಗಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಕಾಲಿನ ಮಡಿಕೆ, ಒಂದು ಬದಿಗೆ ವಾಲಿದ ಹೆಗಲು, ಮಾತಾಡುವಾಗ ಎತ್ತಿದ ಎಡಗೈ, ಎಲ್ಲವನ್ನೂ ಅವರು ಶ್ರದ್ಧೆಯಿಂದ ತಾಳೆ ನೋಡಿದರು. ಒಂದು ಶಾಸನವನ್ನು ಅಷ್ಟು ಎಚ್ಚರದಿಂದ ಓದಿದ ವಿದ್ಯಾರ್ಥಿಗಳು ನಂದೀಶನಿಗೆ ಈವರೆಗೆ ಸಿಕ್ಕಿರಲಿಲ್ಲ. ಅವನು ನೇತ್ರಾಳಿಗಾಗಿ ಅತ್ತಿತ್ತ ನೋಡಿದ. ಅವಳು ನಳದ ಹತ್ತಿರ ತನ್ನ ತೊಳೆದ ತಾಟು ಹಿಡಿದು ನಿಂತು ಇತ್ತಲೇ ನೋಡುತ್ತಿದ್ದಳು. ಬರಲಿಲ್ಲ.

ಯಾವ ಹಕ್ಕಿಯೂ ಇಳಿದು ಬರಲಿಲ್ಲ. ನಂದೀಶ ತಾನೇ ತಾಟು ಎತ್ತಿದ. ಇಷ್ಟು ತುಂಬಿದ್ದನ್ನು ಹನಿ ಚೆಲ್ಲದೆ ಒಯ್ಯುವುದು ಎಂಥ ವಿದ್ಯೆ ಎಂಬುದು ನಳ ಮುಟ್ಟುವಷ್ಟರಲ್ಲಿ, ಅರ್ಧ ನೀರು ಪ್ಯಾಂಟಿನ ಮೇಲೆ ಇಳಿದ ಮೇಲೆ, ಗೊತ್ತಾಯಿತು.

ಬಸ್ಸು ಊರು ಬಿಟ್ಟಿತು, ದೂರದಲ್ಲಿ ಕಪ್ಪತಗುಡ್ಡ ಕಂಡಿತು.

“ಬಂಡೆರಾಯ ಅಂದ್ರ ನಾನೇನು?” ಅಂದ ನಂದೀಶ.

“ಮದಿವಿ ಆದಾಗಿಂದ ಬಾಯಿಲೆ ಹೇಳಿದೆ. ತಾಟಿನ್ಯಾಗ ಕೈ ತೊಳಿಬ್ಯಾಡ್ರಿ ಅಂತ. ನಿಮಗ ಕೇಳಸ್ಲಿಲ್ಲ. ಚಿತ್ರದಾಗ ಇಟ್ರ ಓದ್ತೀರಿ ಅಂತ ಮಾಡಿದ್ದೆ.”

“ಓದಿದ್ನಲ್ಲ.”

“ಓದಿದ್ರಿ,” ಅಂದಳು ನೇತ್ರಾ ಕಿಟಕಿಯ ಕಡೆ ತಿರುಗಿ. “ಬ್ಯಾರೆ ಯಾರದೋ ಕತಿ ಅಂತ ಓದಿದ್ರಿ.”

ನಂದೀಶ ಗುಡ್ಡ ನೋಡಿದ. ಒಂದೊಂದು ಪುಸ್ತಕವೂ ಮನೆಯ ನಡುವೆ ತೆರೆದಿಟ್ಟ ಪತ್ರವಾಗಿತ್ತು. ಅದರ ಭಾಷೆ, ಶೈಲಿ, ಕಾಲ ಎಲ್ಲವನ್ನೂ ಅವನು ನಿರ್ಣಯಿಸಿದ್ದ, ಮೇಲಿನ ವಿಳಾಸವನ್ನು ಮಾತ್ರ ನೋಡಿರಲಿಲ್ಲ.

ಮರುದಿನ ಉಂಡವನೇ ತಾಟು ಎತ್ತಿಕೊಂಡು ಬಚ್ಚಲಿಗೆ ಹೋದ. ಸಾಬೂನು ಎಲ್ಲಿದೆ ಎಂದು ಒಮ್ಮೆ, ನಾರು ಎಲ್ಲಿದೆ ಎಂದು ಒಮ್ಮೆ ಕೂಗಿದ. ತೊಳೆದ ತಾಟನ್ನು ತಂದು ಮೊದಲು ತಾಯಿಗೆ ತೋರಿಸಿದ, ಆಮೇಲೆ ಹೆಂಡತಿಗೆ, ಆಮೇಲೆ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆಗೆ. ನೇತ್ರಾ ಪೆನ್ಸಿಲು ಚೂಪು ಮಾಡಿಕೊಂಡು ಖಾಲಿ ಪುಟದ ಮುಂದೆ ಕೂತಳು.

ಕೊನೆಯ ಪುಸ್ತಕ ಬಂತು. ಬಂಡೆರಾಯ ಎದ್ದಿದ್ದ. ಅವನು ಎದ್ದ ಸದ್ದಿಗೆ ಗುಡ್ಡಗಳು ಚಾಡಿ ನಿಲ್ಲಿಸಿದ್ದವು. ಕೊನೆಯ ಪುಟದಲ್ಲಿ ಅವನು ಹೊಳೆಯುವ ಗಂಗಾಳವನ್ನು ತಲೆಯ ಮೇಲೆತ್ತಿ, ಮೂರು ಲೋಕವೂ ನೋಡಲಿ ಎಂಬಂತೆ ನಿಂತಿದ್ದ. ಹೆಬ್ಬಾತುಗಳು ತಮ್ಮ ಪಾಡಿಗೆ ಹಾರಿ ಹೋಗುತ್ತಿದ್ದವು. ಮೂಗುತಿಯ ಹಕ್ಕಿ ಹಿಂದಿರುಗಿ ನೋಡಿರಲಿಲ್ಲ.

ಗದಗಿನ ವಿದ್ವಾಂಸರೊಬ್ಬರು ಪತ್ರಿಕೆಯಲ್ಲಿ ಉದ್ದದ ಲೇಖನ ಬರೆದರು. ಬಂಡೆರಾಯ ಎತ್ತಿ ಹಿಡಿದದ್ದು ಉದಯಸೂರ್ಯ. ಅದು ಜಡದಿಂದ ಚೈತನ್ಯಕ್ಕೆ ಸಾಗಿದ ಸಮಸ್ತ ಮಾನವಕುಲದ ಸಂಕೇತ ಎಂದಿದ್ದರು. ನಂದೀಶ ತೊಳೆದ ತಾಟನ್ನು ಕೈಯಲ್ಲಿ ಹಿಡಿದೇ ಅದನ್ನು ಓದಿ ಮುಗಿಸಿದ.

“ಹೌದೇನ್ರಿ?” ಅಂದಳು ನೇತ್ರಾ.

ಅವನು ಪತ್ರಿಕೆ ಮಡಿಸಿಟ್ಟ. ತನ್ನ ವೃತ್ತಿಜೀವನದಲ್ಲೇ ಅತಿ ಚಿಕ್ಕ ವ್ಯಾಖ್ಯಾನ ಕೊಟ್ಟ.

“ಅಲ್ಲ. ಅದು ತಾಟು.”

ನೇತ್ರಾ ಮೊದಲ ಸಲ ನಕ್ಕಳು. ಅವನೂ ನಕ್ಕು, ತಾಟನ್ನು ಸ್ವಲ್ಪ ಮೇಲೆತ್ತಿ ಬೆಳಕಿಗೆ ಹಿಡಿದ.

“ಹಿಂದ ಜಿಡ್ಡು ಹಂಗ ಐತಿ ಲೇ,” ಅಂದಳು ಅಮೃತವ್ವ ಮೊರದಿಂದ ತಲೆ ಎತ್ತದೆ. “ಇನ್ನೊಮ್ಮೆ ತಿಕ್ಕಿ ತಗೊಂಡ್ ಬಾ, ಆಮ್ಯಾಲೆ ಸೂರ್ಯಾಗ ತೋರಸು.”