ಬಿಟ್ಟಂಗಾಲದ ರೈಟರ್, ವೇಗದ ಬೌಲರ್

ಅಂಗಡಿ ಇಟ್ಟವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಗಿರಾಕಿಗಳೇ ತಂದು ಮುಂದೆ ಸುರಿಯುತ್ತಾರೆ. ವಿರಾಜಪೇಟೆಯ ನನ್ನ ಅಂಗಡಿಗೆ ಹಾಗೆ ಬಂದವನು ಬಿಟ್ಟಂಗಾಲದ ಒಂದು ಕಾಫಿ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ, ಆರಡಿ ಮೀರಿದ ಮೈಕಟ್ಟು. ಬಿಳಿ ದೊರೆಗಳ ಕ್ಲಬ್ಬಿನಲ್ಲಿ ಒಂದು ದಿನ ಕ್ರಿಕೆಟ್ ಆಟಕ್ಕೆ ಜನ ಸಾಲದೆ ಇವನ ಕೈಗೆ ಚೆಂಡು ಕೊಟ್ಟರು. ಅಲ್ಲಿಂದ ಶುರು.

ಬೂಟು

ಅದುವರೆಗೆ ಬರಿಗಾಲಲ್ಲೇ ಎಸೆಯುತ್ತಿದ್ದ. ಆ ಪಾದದ ಅಳತೆಗೆ ನನ್ನಲ್ಲಿ ಬೂಟು ಇರಲಿಲ್ಲ, ಮದರಾಸಿನಿಂದ ತರಿಸಿಕೊಟ್ಟೆ. ಮಾಲು ನೋಡದೆ ಕೊಳ್ಳುವವನಲ್ಲ ಅವನು. "ಒಂದು ಸಲ ಓಡಿ ನೋಡ್ತೇನೆ ಸಾವುಕಾರ್ರೇ" ಎಂದು ಬೀದಿಯ ಆ ತುದಿಗೆ ಹೋಗಿ ಓಡಿ ಬಂದ. ಹೊಸ ಬೂಟು, ಮಳೆ ಬಿದ್ದ ಬೀದಿ. ನಿಲ್ಲಲಾಗದೆ ನೆಟ್ಟಗೆ ಎದುರಿನ ಟೈಲರ್ ಅಂಗಡಿಗೆ ನುಗ್ಗಿದ. ನಾನು ಓಡಿ ಹೋಗಿ ನೋಡುವಷ್ಟರಲ್ಲಿ ಟೈಲರ್ ಅವನ ಎದೆಗೆ ಟೇಪು ಸುತ್ತಿ ಅಳತೆ ತೆಗೆಯುತ್ತಿದ್ದ.

"ಅವನು ಬಟ್ಟೆ ಹೊಲಿಸೋಕೆ ಬಂದದ್ದಲ್ಲ ಮಾರಾಯ!" ಎಂದೆ.

"ಇಷ್ಟು ಅವಸರದಲ್ಲಿ ನನ್ನ ಅಂಗಡಿಗೆ ಇವತ್ತಿನವರೆಗೆ ಯಾರೂ ಬಂದಿಲ್ಲ," ಎಂದ ಟೈಲರ್. "ಬಿಟ್ಟು ಕಳಿಸಲಾ?"

ಗೆದ್ದಲು

ಕ್ಲಬ್ಬಿನಲ್ಲಿ ಬ್ಯಾಟ್ ಹಿಡಿಯುವವರು ದೊರೆಗಳು, ಅಂಪೈರೂ ದೊರೆಯೇ. ವಿಕೆಟ್ಟಿನ ನೇರಕ್ಕೆ ನಿಂತ ಕಾಲಿಗೆ ಚೆಂಡು ಬಡಿದಾಗಲೆಲ್ಲ ಇವನು "ಔಟಾ?" ಎಂದು ವಿನಯವಾಗಿ ಕೇಳುವುದು, ಅಂಪೈರ್ ಮರದ ಮೇಲಿನ ಹಕ್ಕಿ ನೋಡುವುದು. ಕೇಳಿ ಪ್ರಯೋಜನವಿಲ್ಲ ಎಂದು ಕೊನೆಗೆ ಕೇಳುವುದನ್ನೇ ಬಿಟ್ಟ. ನೆಟ್ಟಗೆ ವಿಕೆಟ್ಟಿನ ಕೋಲಿಗೇ ಹೊಡೆಯತೊಡಗಿದ. ಅವನ ವೇಗ ಹೆಚ್ಚಿದ್ದು ಹಾಗೆ.

ಒಂದು ದಿನ ನಡುವಿನ ಕೋಲು ಎರಡು ತುಂಡಾಯಿತು. ಅಂಪೈರ್ ತುಂಡನ್ನು ಎತ್ತಿ ನೋಡಿ, "ಗೆದ್ದಲು ತಿಂದಿದೆ, ಔಟಲ್ಲ. ಬೇರೆ ತನ್ನಿ" ಎಂದರು. ಬೇರೆ ನೆಟ್ಟರು. ಮುಂದಿನ ಚೆಂಡಿಗೆ ಅದೂ ಮುರಿಯಿತು. "ಇದಕ್ಕೂ ಗೆದ್ದಲು." ಮೂರನೆಯದನ್ನು ತರುವಷ್ಟರಲ್ಲಿ ಬ್ಯಾಟ್ ಹಿಡಿದ ದೊರೆಯೇ ಕೈಗವಸು ಬಿಚ್ಚಿದರು. "ಗೆದ್ದಲು ನನ್ನ ಕಾಲಿಗೆ ಹತ್ತುವ ಮೊದಲು ನಾನು ಮನೆಗೆ ಹೋಗುತ್ತೇನೆ."

ದೊಡ್ಡಪ್ಪನ ಒಪ್ಪಿಗೆ

ಸುದ್ದಿ ಮದರಾಸಿಗೆ ಮುಟ್ಟಿತು. ಅಲ್ಲೊಂದು ಪರೀಕ್ಷೆಯ ಆಟ. ಅದರಲ್ಲಿ ಆಯ್ಕೆಯಾದರೆ ದೇಶದ ತಂಡದ ಜೊತೆ ಇಂಗ್ಲೆಂಡಿಗೆ ಹಡಗು. ಎಸ್ಟೇಟಿನ ದೊರೆ ಮಾತ್ರ ಖಂಡಿತವಾಗಿ ಹೇಳಿಬಿಟ್ಟರು: "ಹೋಗು. ತಂಡಕ್ಕೆ ಸೇರದಿದ್ದರೆ ಇಲ್ಲಿಗೂ ಬರಬೇಡ. ಬೇರೆ ರೈಟರ್ ಇಡುತ್ತೇನೆ." ಇದ್ದ ಕೆಲಸವೇ ಪಣಕ್ಕೆ ಬಿತ್ತು. ಮೇಲೆ ಮನೆಯ ಹಿರಿಯ, ಪಲ್ಟನಿನಲ್ಲಿದ್ದು ಬಂದ ದೊಡ್ಡಪ್ಪ, ಒಪ್ಪಬೇಕು. ಹೇಳಿಸಲು ನನ್ನನ್ನೂ ಕರೆದುಕೊಂಡು ಹೋದ.

"ಎದುರಿಗೆ ಎಷ್ಟು ಜನ ಮಗಾ?" ಎಂದರು ದೊಡ್ಡಪ್ಪ.

"ಇಬ್ಬಿಬ್ಬರಾಗಿ ಬರ್ತಾರೆ."

"ನಿಮ್ಮ ಕಡೆ?"

"ಹನ್ನೊಂದು."

ಮುದುಕರು ಕೆಂಪಾದರು. "ಇಬ್ಬರ ಮೇಲೆ ಹನ್ನೊಂದು ಜನವಾ? ನಮ್ಮ ಮನೆಯಲ್ಲಿ ಯಾರೂ ಇಂಥ ಹೇಡಿ ಕೆಲಸ ಮಾಡಿಲ್ಲ!"

ನಾನು ಬಾಯಿ ಹಾಕಿದೆ: "ಯಜಮಾನ್ರೇ, ಮಧ್ಯಾಹ್ನ ಆದಮೇಲೆ ಅವರು ಹನ್ನೊಂದು, ನಮ್ಮವರು ಇಬ್ಬರು."

"ಹಾಗಾದರೆ ಮಧ್ಯಾಹ್ನದ ಮೇಲೆ ಹೋಗಲಿ."

ಮದರಾಸು

ಸರಕು ಕೊಳ್ಳಲು ನನಗೂ ಮದರಾಸಿಗೆ ಹೋಗುವುದಿತ್ತು, ಜೊತೆಗೇ ಹೋದೆ. ಬ್ಯಾಟ್ ಹಿಡಿದಿದ್ದವರು ಯಾವುದೋ ಸಂಸ್ಥಾನದ ಯುವರಾಜರು. ನಮ್ಮವನ ಚೆಂಡು ವಿಕೆಟ್ಟಿನ ಮುಂದೆಯೇ ಅವರ ಕಾಲಿಗೆ ಬಡಿಯಿತು. ಇವನು ತುಟಿ ಬಿಚ್ಚದೆ ಹಿಂದಿರುಗಿ ನಡೆದ. ಮತ್ತೆ ಬಡಿಯಿತು, ಮತ್ತೆ ನಡೆದ. ಮೂರು ಸಲ. ಊಟದ ಹೊತ್ತಿಗೆ ಒಂದು ವಿಕೆಟ್ಟೂ ಇಲ್ಲ. ನನ್ನ ಪಕ್ಕದಲ್ಲಿ ಪಟ್ಟಿ ಹಿಡಿದು ಕೂತಿದ್ದ ಆಯ್ಕೆಯ ದೊಡ್ಡ ಮನುಷ್ಯರು, "ಇವನೇನು ಮೂಕನಾ?" ಎಂದು ಪೆನ್ಸಿಲ್ ಕಿಸೆಗೆ ಇಟ್ಟರು.

ನಾನು ಓಡಿದೆ. "ಕೇಳೋ ಮಾರಾಯ! ಕೇಳದಿದ್ರೆ ಅಂಪೈರ್ ಔಟ್ ಕೊಡೋದಿಲ್ಲ!"

"ಕೇಳಿದ್ರೆ ಕೊಡ್ತಾರಾ ಸಾವುಕಾರ್ರೇ?" ಅವನಿಗೆ ನಿಜವಾಗಿಯೂ ಆಶ್ಚರ್ಯ. "ಎಷ್ಟು ಜೋರಾಗಿ ಕೇಳಬೇಕು?"

"ಬೇಟೆಯಲ್ಲಿ ಹಂದಿ ಎದ್ದಾಗ ಹೇಗೆ ಕೂಗ್ತೀಯ? ಹಾಗೆ."

ಊಟವಾದ ಮೇಲಿನ ಮೊದಲ ಚೆಂಡೇ ಯುವರಾಜರ ಕಾಲಿಗೆ ಬಡಿಯಿತು. ನಮ್ಮವನು ಕೂಗಿದ. ಮರದ ಕಾಗೆಗಳೆಲ್ಲ ಎದ್ದವು. ವಿಕೆಟ್ ಕೀಪರ್ ಕೂತೇಬಿಟ್ಟ. ಅಂಪೈರ್ ಒಂದು ಬೆರಳಲ್ಲ, ಎರಡೂ ಕೈ ಎತ್ತಿ ನಿಂತರು. ಸಂಜೆಯೊಳಗೆ ಹಾಗೆ ಏಳು ಸಲ ಕೂಗಿದ, ಏಳು ಜನ ಹೋದರು. ದೊಡ್ಡ ಮನುಷ್ಯರು ಪೆನ್ಸಿಲ್ ಹೊರತೆಗೆದು ಅವನ ಹೆಸರನ್ನು ಪಟ್ಟಿಯ ಮೊದಲ ಸಾಲಿಗೇ ಬರೆದರು. ಮುಂದೆ ಅದೇ ಹೆಸರು ಇಂಗ್ಲೆಂಡಿನ ಪತ್ರಿಕೆಗಳಲ್ಲೂ ಬಂತು.

ಆ ಸಂಜೆ ಹೆಸರು ಬರೆದಾಗುತ್ತಿದ್ದಂತೆ ಯುವರಾಜರು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಮುಖ ಇನ್ನೂ ಬಿಳುಪೇರಿತ್ತು.

"ನಿಮ್ಮ ಊರಲ್ಲಿ ಎಲ್ಲರೂ ಯಾವಾಗಲೂ ಹೀಗೇ ಕೂಗುತ್ತಾರೇನು?"

ಅವನ ಹೆಸರು ಬರೆದಾದ ಸಂತೋಷದಲ್ಲಿ ನಾನು ಯೋಚಿಸದೆ ಹೇಳಿಬಿಟ್ಟೆ: "ಇಲ್ಲ ಮಹಾಸ್ವಾಮಿ, ಎದುರಿಗೆ ಹಂದಿ ಕಂಡಾಗ ಮಾತ್ರ."