ಮೂವತ್ತು ಸೆಕೆಂಡು ಅಲುಗಾಡದೆ ನಿಲ್ಲುವ ಬಗ್ಗೆ

ಇಂದ:
ರಾತ್ರಿ ಫೋಟೋಗ್ರಾಫರ್,
ಹಳೇ ಕಾರುಗಳ ಮಾರಾಟ ಮಳಿಗೆ,
ಹಿಂದಿನ ಶೆಡ್ಡು, ಸವೆದ ಟೈರುಗಳ ಪಕ್ಕ.

ಗೆ:
ಮಾಲೀಕರು,
ಅದೇ ಮಳಿಗೆ,
ಮುಂದಿನ ಗಾಜಿನ ಕೋಣೆ.

ವಿಷಯ: ಬರುವ ಶನಿವಾರ ಹಗಲು ಹೊತ್ತಿನಲ್ಲಿ ಬೆಳ್ಳಿ ಬಣ್ಣದ ಕಾರಿನ ಪಕ್ಕದಲ್ಲಿ ನಿಲ್ಲಲು ಅನುಮತಿ ಕೋರಿ.

ಉಲ್ಲೇಖ:
1. “ಕಾರಿನ ಫೋಟೋ ಕತ್ತಲಾದ ಮೇಲೇ ತೆಗೀಬೇಕು” ಎಂಬ ತಮ್ಮ ಮೌಖಿಕ ಆದೇಶ.
2. “ಫೋಟೋದಲ್ಲಿ ದೆವ್ವ ಯಾಕೆ ಬಂತು?” ಎಂದು ಕಾರಣ ಕೇಳಿದ ತಮ್ಮ ನೋಟಿಸು.

ಮಾನ್ಯರೇ,

1. ಅರ್ಜಿದಾರನು ತಮ್ಮಲ್ಲಿ ನಾಲ್ಕು ವರ್ಷಗಳಿಂದ ಕಾರುಗಳ ಫೋಟೋ ತೆಗೆಯುತ್ತಿದ್ದಾನೆ. ಸೇರಿದ ದಿನವೇ ತಾವು, “ಹಗಲು ಅನ್ನೋದು ಚಾಡಿಕೋರ ಕಣಯ್ಯಾ, ಇದ್ದದ್ದೆಲ್ಲ ಹೇಳಿಬಿಡುತ್ತೆ” ಎಂದು ಅಪ್ಪಣೆ ಕೊಡಿಸಿದ್ದೀರಿ. ಆದ್ದರಿಂದ ಆತ ಕತ್ತಲಿಗಾಗಿ ಕಾಯುತ್ತಾನೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ಶಟರನ್ನು ಮೂವತ್ತು ಸೆಕೆಂಡು ತೆರೆದಿಟ್ಟು, ಕಪ್ಪು ಬಟ್ಟೆ ತೊಟ್ಟು, ಟಾರ್ಚ್ ಹಿಡಿದು ಕಾರಿನ ಸುತ್ತ ನಡೆಯುತ್ತಾನೆ. ಬೆಳಕು ಬಿದ್ದ ಕಡೆ ಕಾರು ಮದುಮಗನಂತೆ ಹೊಳೆಯುತ್ತದೆ. ಬೀಳದ ಕಡೆ ತಗ್ಗೂ ಇಲ್ಲ, ತುಕ್ಕೂ ಇಲ್ಲ. ನಡೆಯುತ್ತಲೇ ಇರುವವನು ಚಿತ್ರದಲ್ಲಿ ಕಾಣುವುದಿಲ್ಲ, ನಿಂತವನು ಕಾಣುತ್ತಾನೆ. ಆದಕಾರಣ, ನಾಲ್ಕು ವರ್ಷ ಅರ್ಜಿದಾರ ಎಲ್ಲಿಯೂ ನಿಂತಿಲ್ಲ.

2. ಹೀಗೆ ನೂರ ಹನ್ನೆರಡು ಕಾರುಗಳು ಮಾರಾಟವಾಗಿವೆ. ಕೊಂಡವರೂ ಯಾರದೋ ಅಕ್ಕಂದಿರು ಎಂಬ ಅಂಶ ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

3. ಕಳೆದ ವಾರ ಬೆಳ್ಳಿ ಬಣ್ಣದ ಕಾರಿನ ಸರದಿ. ಅದರ ಆಚೆ ಬದಿಯಲ್ಲಿ ನಡೆಯುತ್ತಿದ್ದ ಅರ್ಜಿದಾರನ ಟಾರ್ಚಿಗೆ, ಎರಡು ಬಾಗಿಲುಗಳ ನಡುವಿನ ಕಂಬದಿಂದ ಚಾವಣಿಗೆ ಹತ್ತಿದ ಬೆಸುಗೆಯ ಗೆರೆಯೊಂದು ಸಿಕ್ಕಿತು. ಅಪಘಾತವಾದ ಎರಡು ಕಾರುಗಳನ್ನು ಕೊಯ್ದು, ಒಂದರ ಮುಂಭಾಗಕ್ಕೆ ಇನ್ನೊಂದರ ಹಿಂಭಾಗ ಕೂಡಿಸಿ, ಮೇಲೆ ಬಣ್ಣ ಬಳಿಯಲಾಗಿತ್ತು. ಆತ ಬಾಗಿ, ಗೆರೆಯ ಮೇಲೆ ಬೆರಳಿಟ್ಟು, ನಿಂತುಬಿಟ್ಟ. ಶಟರ್ ತೆರೆದೇ ಇತ್ತು. ಆದಕಾರಣ, ಚಿತ್ರದಲ್ಲಿ ಕಾರಿನಾಚೆ ಅರೆಬರೆ ಮನುಷ್ಯನೊಬ್ಬ ಮೂಡಿದ. ಹಿಂದಿನ ಗೋಡೆಯ ಬಿರುಕು ಅವನ ಎದೆಯೊಳಗಿಂದ ಕಾಣುತ್ತಿತ್ತು. ತಮ್ಮ ಕಚೇರಿಯವರು ಅದನ್ನು ನೋಡದೆಯೇ ಜಾಹೀರಾತಿಗೆ ಹಾಕಿದರು.

4. ದೆವ್ವದ ಕಾರು ಎಂಬ ಸುದ್ದಿ ಹಬ್ಬಿ ಕೊಳ್ಳುವವರು ಹಿಂದೆ ಸರಿದರು. ತಾವು ಬೆಲೆ ಇಳಿಸಿದಿರಿ. ಆಗ ಅರ್ಜಿದಾರನ ಸ್ವಂತ ಅಕ್ಕ ಚಿತ್ರ ನೋಡಿ ಭಾವನಿಗೆ ಹೇಳಿದ್ದು: “ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲ ಕಣ್ರೀ, ನನ್ನ ತಮ್ಮ ಅದು! ಆ ಗೂನು ಬೆನ್ನು ನೋಡಿ. ಅಷ್ಟು ಹತ್ತಿರ ನಿಂತು ನೋಡಿದಾನೆ ಅಂದ್ರೆ ಕಾರು ಗಟ್ಟಿಯಾಗೇ ಇರುತ್ತೆ.” ಶನಿವಾರ ಹನ್ನೆರಡಕ್ಕೆ ಕೀಲಿಕೈ ಪಡೆಯಲು ಬರುತ್ತಿದ್ದಾರೆ.

5. ಅರ್ಜಿದಾರ ಫೋನಿನಲ್ಲಿ ಸತ್ಯ ಹೇಳಿದ.
“ಅಕ್ಕಾ, ಬೇಡ. ಅದು ಎರಡು ಕಾರು ಕೂಡಿಸಿದ್ದು.”
“ನಮ್ಮನೆಗೊಂದು ಕಾರು ಬರೋದು ನಿನಗೆ ಹೊಟ್ಟೆಕಿಚ್ಚು ಅಲ್ವೇನೋ?”
ಆದ್ದರಿಂದ ಆತ ನಿನ್ನೆ ಮಧ್ಯಾಹ್ನ, ಉಲ್ಲೇಖ 1ನ್ನು ಉಲ್ಲಂಘಿಸಿ, ಬಿಸಿಲಿನಲ್ಲಿ ಅದೇ ಕಾರಿನ ಫೋಟೋ ತೆಗೆದು ಕಳಿಸಿದ. ಅಕ್ಕನ ಉತ್ತರ: “ಯಾವ ಡಕೋಟಾನೋ ಇದು? ನಮ್ಮ ಕಾರಿಗೂ ಇದಕ್ಕೂ ಅಜಗಜಾಂತರ. ನನ್ನನ್ನೇನು ಪೆದ್ದಿ ಅಂದ್ಕೊಂಡಿದೀಯಾ?” ನಾಲ್ಕು ವರ್ಷದ ಕೈಚಳಕ ಇಷ್ಟು ಚೆನ್ನಾಗಿ ಫಲ ಕೊಟ್ಟಿದೆ.

6. ಈ ಕಾರನ್ನು ಅಕ್ಕನಿಗೆ ಮಾರಬಾರದೆಂದು ತಮ್ಮಲ್ಲಿ ವಿನಂತಿಸಿದಾಗ, “ನಿನ್ನ ಅಕ್ಕಾನಾ? ಒಳ್ಳೇದಾಯ್ತು ಬಿಡು. ಮನೆಯವರೇ ಆದ್ರೆ ತಕರಾರು ಬರಲ್ಲ” ಎಂದು ಅಭಿನಂದಿಸಿದ್ದೀರಿ. ಅದಕ್ಕೆ ಅರ್ಜಿದಾರ ಚಿರಋಣಿ. ಆದರೆ ಭಾವ ಕೂರುವುದು ಒಂದು ಕಾರಿನಲ್ಲಿ, ಹಿಂದೆ ಇಬ್ಬರು ಮಕ್ಕಳು ಕೂರುವುದು ಇನ್ನೊಂದರಲ್ಲಿ. ಎರಡೂ ಕಾರುಗಳು ಒಂದೇ ಕಡೆಗೆ ಹೋಗಲು ಎಲ್ಲಿಯವರೆಗೆ ಒಪ್ಪಿಕೊಂಡಿರುತ್ತವೆ ಎಂಬ ಬಗ್ಗೆ ಕಡತದಲ್ಲಿ ಮಾಹಿತಿ ಇಲ್ಲ.

ಆದ್ದರಿಂದ, ಶನಿವಾರ ಅಕ್ಕ ಕೀಲಿಕೈಗೆ ಕೈಚಾಚುವ ಮೊದಲು, ಅರ್ಜಿದಾರನು ಚಿತ್ರದಲ್ಲಿ ನಿಂತ ಜಾಗದಲ್ಲೇ, ಅದೇ ಗೆರೆಯ ಮೇಲೆ ಬೆರಳಿಟ್ಟು, ಅಲುಗಾಡದೆ ನಿಲ್ಲಲು ಅನುಮತಿ ನೀಡಬೇಕಾಗಿ ಕೋರಿಕೆ. ಅಕ್ಕನಿಗೆ ಆ ನಿಲುವು ಗೊತ್ತು. ಅದರ ಬೆನ್ನು ಹಿಡಿದು ಬೆರಳಿನವರೆಗೆ, ಬೆರಳಿನಡಿಯ ಬೆಸುಗೆಯವರೆಗೆ ಬಂದೇ ಬರುತ್ತಾಳೆ.

ಇಂತು, ಶನಿವಾರ ಹನ್ನೆರಡು ಗಂಟೆಯವರೆಗೆ ಮಾತ್ರ
ತಮ್ಮ ವಿಶ್ವಾಸಿ,
(ಚಿತ್ರದಲ್ಲಿ ಇರುವವನು)

ಲಗತ್ತುಗಳು:
1. ರಾತ್ರಿಯ ಫೋಟೋ, ದೆವ್ವ ಸಹಿತ.
2. ಹಗಲಿನ ಫೋಟೋ. ಇದಕ್ಕೆ ಘಟನೋತ್ತರ ಮಂಜೂರಾತಿ ಕೋರಿದೆ.
3. ಕಪ್ಪು ಅಂಗಿ, ಒಗೆದದ್ದು, ವಾಪಸು.

ವಿಶೇಷ ಸೂಚನೆ: ಅನುಮತಿ ನಿರಾಕರಿಸುವುದಾದರೆ ದಯವಿಟ್ಟು ಲಿಖಿತವಾಗಿ ನಿರಾಕರಿಸಿ, ಆ ಪತ್ರವನ್ನು ಕಾರಿನ ಪಕ್ಕಕ್ಕೇ ತಲುಪಿಸಬೇಕು. ಅರ್ಜಿದಾರ ಅಲ್ಲಿ ನಿಂತಿರುತ್ತಾನೆ.