ಗೌನಿಗೆ ಚುಚ್ಚಿದ ಚೀಟಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ಟೈಲರನಿಗೆ ತಿಳಿಯದ್ದೇನಲ್ಲ. ಆದರೂ ಆಡಿಬಿಟ್ಟಿದ್ದ. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಗೊತ್ತುಮಾಡಿದ ದಿನ ಡಾಕ್ಟರು ಕೇಳಿದ್ದರು: "ಗ್ರಂಥಿ ತೆಗೆಯುವಾಗ ಪಕ್ಕದ ನರ ಉಳಿಸಿದ್ರೆ ಗಂಡ ಹೆಂಡತಿ ಸುಖಾನೂ ಉಳೀಬಹುದು. ಪ್ರಯತ್ನ ಮಾಡ್ಲಾ?" ಪಕ್ಕದಲ್ಲೇ ಮಗಳ ಮಾವ, ನಿವೃತ್ತ ಹೆಡ್‌ಮಾಸ್ತರರು, ಬೀಗತನದ ಹಕ್ಕಿನಿಂದ ಕೂತಿದ್ದರು. ಟೈಲರ್ ಮರ್ಯಾದೆಗೆ ಅಂಜಿ, "ಅರವತ್ತೆರಡು ದಾಟಿದೆ, ಅದೆಲ್ಲ ಯಾಕೆ ಡಾಕ್ಟ್ರೇ," ಅಂದ. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಮುಖ ಅವನನ್ನು ವಾರವೆಲ್ಲ ಕಾಡಿತು.

ಆಪರೇಷನ್ ದಿನ ಬೆಳಿಗ್ಗೆ ಮಾತು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಬೀಗರು ಮಂಚದ ಪಕ್ಕ ಬಿಟ್ಟು ಕದಲುತ್ತಿಲ್ಲ. ಡಾಕ್ಟರು ಬಂದು, "ಏನಾದ್ರೂ ಕೇಳೋದಿದ್ಯಾ?" ಅಂದರೆ, "ಏನಿಲ್ಲ, ನಮ್ಮ ಬೀಗರು ಗಟ್ಟಿ ಮನುಷ್ಯ!" ಎಂದು ಅವರೇ ಉತ್ತರ ಕೊಟ್ಟರು. ಪೇಪರ್ ತರಲು ಕಳಿಸೋಣವೆಂದರೆ ಕಂಕುಳಲ್ಲೇ ಎರಡು ಪೇಪರ್ ಇದ್ದವು.

ಕೊನೆಗೆ ನರ್ಸಮ್ಮನನ್ನು ಹತ್ತಿರ ಕರೆದು, "ಸ್ವಲ್ಪ ನರದ ವಿಷಯ..." ಎಂದು ಪಿಸುಗುಟ್ಟಿದ.

"ಯಾವ ನರ?" ಆಕೆಯ ದನಿ ಇಡೀ ವಾರ್ಡಿಗೆ ಕೇಳಿಸಿತು.

"ಅದು... ಕುತ್ತಿಗೇದು."

"ಮೊದ್ಲೇ ಹೇಳ್ಬಾರ್ದಾ?" ಬೀಗರು ಮುಲಾಮು ತಂದು ಅರ್ಧ ಗಂಟೆ ಅವನ ಕುತ್ತಿಗೆ ತಿಕ್ಕಿದರು.

ಆಗ ಕಸುಬು ಕೈಹಿಡಿಯಿತು. ಅಂಗಡಿಯಲ್ಲಿ ಪ್ರತಿ ಬಟ್ಟೆಗೂ ಅಳತೆ ಚೀಟಿ ಚುಚ್ಚುವವನಲ್ಲವೇ? ಬಚ್ಚಲಿಗೆ ಹೋಗಿ, ಕಳಚಿಟ್ಟ ಅಂಗಿಯ ಕಾಲರಿನಡಿ ಸದಾ ಇರುವ ಗುಂಡುಸೂಜಿ ತೆಗೆದು, ಚೀಟಿ ಬರೆದು ಆಸ್ಪತ್ರೆಯ ಗೌನಿನ ಒಳಮಡಿಕೆಗೆ ಚುಚ್ಚಿಕೊಂಡ. ಹೊರಬಂದಾಗ ಹೆಂಡತಿ ಬೆನ್ನ ಹಿಂದಿನ ಲಾಡಿ ಕಟ್ಟಲು ನಿಂತಳು, ಬಹಳ ಹೊತ್ತಾದರೂ ಮುಗಿಸಲಿಲ್ಲ. "ಎಷ್ಟು ಗಂಟು ಹಾಕ್ತೀಯೇ?" ಎಂದು ಟೈಲರ್ ರೇಗಿದ.

ಸಂಜೆ ಕಣ್ಣು ಬಿಟ್ಟಾಗ ಮಂಚದ ಸುತ್ತ ಎಲ್ಲರೂ ಇದ್ದರು. ನರ್ಸಮ್ಮ ಎರಡು ಚೀಟಿ ಹಿಡಿದು ಬಂದಳು.

"ಥಿಯೇಟರಿಗೆ ಯಾರಾದ್ರೂ ಗುಂಡುಸೂಜಿ ತರ್ತಾರಾ? ಇದು ಮುಂದುಗಡೆ ಸಿಕ್ಕಿದ್ದು. 'ಡಾಕ್ಟರೇ, ನರ ಉಳಿಸಿ. ಯಾರಿಗೂ ಹೇಳಬೇಡಿ.' ಇದು ಹಿಂದೆ ಲಾಡಿಗೆ ಹೊಲಿದಿದ್ದು. 'ಇವರು ಬೇಡ ಅಂದದ್ದು ಸುಳ್ಳು. ನರ ಉಳಿಸಿ. ಇವರಿಗೆ ಹೇಳಬೇಡಿ.'"

ಬೀಗರು ಪೇಪರಿನೊಳಗೆ ಮುಖ ಹುದುಗಿಸಿದರು. ಟೈಲರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಅಷ್ಟರಲ್ಲಿ ಡಾಕ್ಟರು ಬಂದರು. "ಕ್ಯಾನ್ಸರ್ ಗಡ್ಡೆ ತೆಗೆದಾಯ್ತು, ನರಾನೂ ಉಳಿಸಿದ್ದೀನಿ. ಆದ್ರೆ ಚೇತರಿಸ್ಕೊಳ್ಳೋಕೆ ಒಂದು ವರ್ಷವಾದ್ರೂ ಬೇಕು. ಗ್ಯಾರಂಟಿ ಮಾತ್ರ ಕೇಳ್ಬೇಡಿ."

"ಒಂದು ವರ್ಷಾನಾ!" ಟೈಲರ್ ನರಳಿದ.

ಹೆಂಡತಿ ಅವನ ಹೊದಿಕೆ ಸರಿಮಾಡಿದಳು. "ನಲವತ್ತು ವರ್ಷ ಊರಿಗೆಲ್ಲ 'ನಾಳೆ ಬನ್ನಿ' ಅಂತ ಕಾಯಿಸಿದ್ರಲ್ಲ," ಎಂದಳು. "ಈಗ ನಮ್ಮ ಸರದಿ."